ಸಮಾಂತರ ಫಲಕಗಳ ಪ್ರಯೋಗ ಕಿಟ್: ಧಾರವಾಡದ ಎರಡು ಮಳೆಗಾಲಗಳ ನಂತರ

ದ್ವಿತೀಯ ಪಿಯುಸಿಯಲ್ಲಿ ಸಮಾಂತರ ಫಲಕಗಳ ಪಾಠ ಬಂದಾಗ ಅಧ್ಯಾಪಕರಾದ ನಾವು ಬಹುತೇಕ ಒಂದೇ ದಾರಿ ಹಿಡಿಯುತ್ತೇವೆ. ಹಲಗೆಯ ಮೇಲೆ ಎರಡು ಉದ್ದನೆಯ ಗೆರೆ ಎಳೆದು, ಒಂದರ ಪಕ್ಕ ಧನ ಚಿಹ್ನೆ, ಇನ್ನೊಂದರ ಪಕ್ಕ ಋಣ ಚಿಹ್ನೆ ಬರೆದು, ನಡುವೆ ನಾಲ್ಕಾರು ಬಾಣ ಹಾಕಿ, ವಿಭವಾಂತರವನ್ನು, ಅಂದರೆ ಎರಡರ ನಡುವಿನ ವೋಲ್ಟೇಜನ್ನು, ಅಂತರದಿಂದ ಭಾಗಿಸಿದರೆ ವಿದ್ಯುತ್ ಕ್ಷೇತ್ರ ಸಿಗುತ್ತದೆ ಎಂದು ಬರೆಸಿ ಮುಂದಿನ ಲೆಕ್ಕಕ್ಕೆ ಹೊರಡುತ್ತೇವೆ. ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ, ಅಂಕವನ್ನೂ ಪಡೆಯುತ್ತಾರೆ. ಆದರೆ ಆ ಎರಡು ಗೆರೆಗಳ ನಡುವಿನ ಖಾಲಿ ಜಾಗದಲ್ಲಿ ಏನಿದೆ ಎಂಬ ಪ್ರಶ್ನೆ ಅವರಿಗೆ ಏಳುವುದಿಲ್ಲ, ನಾವು ಎಬ್ಬಿಸುವುದೂ ಇಲ್ಲ. ಧಾರವಾಡದ ಪದವಿಪೂರ್ವ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಭೌತವಿಜ್ಞಾನ ಕಲಿಸುತ್ತಿರುವ ನಾನು ಈ ಕೊರತೆ ನೀಗಬೇಕೆಂಬ ಆಸೆಯಿಂದ, ಎರಡು ವರ್ಷಗಳ ಹಿಂದೆ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರ ಮೂಲಕ ಸಮಾಂತರ ಫಲಕಗಳ ಪ್ರಯೋಗ ಕಿಟ್ ಒಂದನ್ನು ತರಿಸಿದೆ. ಜಿಎಸ್‌ಟಿ ಸೇರಿ 18,600 ರೂಪಾಯಿ ಬಿತ್ತು. ಒಂದು ಸರ್ಕಾರಿ ಅಥವಾ ಅನುದಾನಿತ ಕಾಲೇಜಿನ ಪ್ರಯೋಗಾಲಯಕ್ಕೆ ಇದು ಸಣ್ಣ ಮೊತ್ತವಲ್ಲ. ಹಾಗಾಗಿ ಕೊಳ್ಳಲು ಯೋಚಿಸುತ್ತಿರುವ ಗದಗ, ಹಾವೇರಿ, ಹುಬ್ಬಳ್ಳಿ ಕಡೆಯ ಸಹೋದ್ಯೋಗಿಗಳಿಗೆ ಉಪಯೋಗವಾಗಲೆಂದು ಎರಡು ಮಳೆಗಾಲ ಮತ್ತು ಎರಡು ಬೇಸಿಗೆಗಳ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿಟ್ ತಯಾರಾಗಿರುವುದು ವಿಜ್ಞಾನ ಉಪಕರಣಗಳಿಗೆ ಹೆಸರಾದ ಹರಿಯಾಣದ ಅಂಬಾಲಾದಲ್ಲಿ. ಪೆಟ್ಟಿಗೆಯಲ್ಲಿ 20 ಸೆಂ.ಮೀ. ವ್ಯಾಸದ ಎರಡು ಅಲ್ಯೂಮಿನಿಯಂ ಫಲಕಗಳಿವೆ. ಪ್ರತಿಯೊಂದೂ ಅಕ್ರಿಲಿಕ್ ಕಂಬದ ಮೇಲೆ ನಿಂತಿದ್ದು, ಒಂದು ಫಲಕವನ್ನು ಮಿಲಿಮೀಟರ್ ಅಳತೆಪಟ್ಟಿಯಿರುವ ಹಳಿಯ ಮೇಲೆ ಹಿಂದೆ ಮುಂದೆ ಸರಿಸಬಹುದು. ಇದರ ಜೊತೆಗೆ ಸೊನ್ನೆಯಿಂದ 5,000 ವೋಲ್ಟ್ ವರೆಗೆ ಕೊಡುವ, ವಿದ್ಯುತ್ ಪ್ರವಾಹವನ್ನು ಅತ್ಯಲ್ಪಕ್ಕೆ ಮಿತಿಗೊಳಿಸಿದ ಅಧಿಕ ವೋಲ್ಟೇಜ್ ಘಟಕ, ಮುಳ್ಳಿನ ಏರಿಳಿತದಿಂದ ವಿದ್ಯುದಾವೇಶವನ್ನು (ಮುಂದೆ ಬರೀ ಆವೇಶ) ತೋರಿಸುವ ಒಂದು ಎಲೆಕ್ಟ್ರೋಸ್ಕೋಪ್, ಗಾಜಿನ ತಳದ ಒಂದು ನೀರಿನ ಟ್ರೇ, ಅದರೊಳಗೆ ಇಡಲು ಎರಡು ಹಿತ್ತಾಳೆ ಪಟ್ಟಿಗಳು, 10 ವೋಲ್ಟ್ ಎಸಿ ಕೊಡುವ ಸಣ್ಣ ಟ್ರಾನ್ಸ್‌ಫಾರ್ಮರ್, ಒಂದು ಡಿಜಿಟಲ್ ಮಲ್ಟಿಮೀಟರ್, ಎಣ್ಣೆಗೆಂದು ಒಂದು ಗಾಜಿನ ತಟ್ಟೆ, ಗಾಜು ಮತ್ತು ಅಕ್ರಿಲಿಕ್ ಹಾಳೆಗಳು, ದಾರಕ್ಕೆ ಕಟ್ಟಿದ ಗ್ರಾಫೈಟ್ ಬಳಿದ ಪಿಂಗ್‌ಪಾಂಗ್ ಚೆಂಡು ಮತ್ತು ಇಂಗ್ಲಿಷಿನಲ್ಲಿ ಮುದ್ರಿಸಿದ ಒಂದು ಕೈಪಿಡಿ ಇವೆ.

ಇವುಗಳಲ್ಲಿ ಹೊರನೋಟಕ್ಕೆ ತೀರಾ ಸಾಧಾರಣವಾಗಿ ಕಾಣುವ ನೀರಿನ ಟ್ರೇಯೇ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿದೆ, ಆದ್ದರಿಂದ ಅದರ ಬಗ್ಗೆ ಮೊದಲು ಬರೆಯುತ್ತೇನೆ. ಟ್ರೇಯ ಕೆಳಗೆ ಗ್ರಾಫ್ ಹಾಳೆ ಹಾಸಿ, ಒಂದು ಸೆಂಟಿಮೀಟರ್ ಆಳಕ್ಕೆ ನಲ್ಲಿ ನೀರು ತುಂಬಿ, ಎರಡು ಹಿತ್ತಾಳೆ ಪಟ್ಟಿಗಳನ್ನು 10 ಸೆಂ.ಮೀ. ದೂರದಲ್ಲಿ ಎದುರುಬದುರಾಗಿ ಇಟ್ಟು 10 ವೋಲ್ಟ್ ಎಸಿ ಕೊಡುತ್ತೇವೆ. ಮಲ್ಟಿಮೀಟರಿನ ಒಂದು ತಂತಿಯನ್ನು ಒಂದು ಪಟ್ಟಿಗೆ ಸಿಕ್ಕಿಸಿ, ಇನ್ನೊಂದರ ಮೊನೆಯನ್ನು ನೀರಿನಲ್ಲಿ ಅದ್ದಿ ನಿಧಾನವಾಗಿ ಸರಿಸುತ್ತಾ ಹೋದರೆ ಒಂದೊಂದು ಸೆಂಟಿಮೀಟರಿಗೂ ಸುಮಾರು ಒಂದೊಂದು ವೋಲ್ಟ್ ಏರುತ್ತದೆ. ಅಂದರೆ ಕ್ಷೇತ್ರ ಪ್ರತಿ ಮೀಟರಿಗೆ ಸುಮಾರು 100 ವೋಲ್ಟ್. ನಿರ್ಮಲ ಆಕಾಶವಿರುವ ದಿನ ನೆಲದ ಹತ್ತಿರ ಭೂಮಿಯ ವಾತಾವರಣದಲ್ಲಿ ಸಹಜವಾಗಿ ಇರುವ ವಿದ್ಯುತ್ ಕ್ಷೇತ್ರವೂ ಹೆಚ್ಚುಕಡಿಮೆ ಇಷ್ಟೇ ಎಂದು ಹೇಳಿದಾಗ ಮಕ್ಕಳು ಕಿಟಕಿಯ ಆಚೆ ನೋಡುತ್ತಾರೆ. ಮೊನೆಯನ್ನು ಪಟ್ಟಿಗೆ ಸಮಾಂತರವಾಗಿ ಸರಿಸಿದರೆ ಮೀಟರಿನ ಅಂಕಿ ಅಲುಗಾಡುವುದಿಲ್ಲ. ಸಮವಿಭವ ರೇಖೆ ಎಂದರೆ ಏನೆಂದು ಹತ್ತು ನಿಮಿಷ ವಿವರಿಸಿದರೂ ತಲುಪದ ಸಂಗತಿ, ಅಂಕಿ ಅಲುಗಾಡದ ಆ ದಾರಿಯನ್ನು ತಮ್ಮ ಕೈಯಿಂದಲೇ ಹುಡುಕಿ ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿದಾಗ ತಾನಾಗಿ ತಲುಪುತ್ತದೆ. ವೋಲ್ಟೇಜ್ ಎಂಬುದು ತಂತಿಯೊಳಗೋ ಫಲಕದ ಮೇಲೋ ಕೂತಿರುವ ವಸ್ತು ಎಂದು ನಂಬಿಕೊಂಡು ಬಂದ ವಿದ್ಯಾರ್ಥಿಗೆ, ಅದು ಎರಡು ಜಾಗಗಳ ನಡುವಿನ ಸಂಬಂಧ ಎಂಬುದು ಇಲ್ಲಿ ಮೊದಲ ಬಾರಿಗೆ ಕೈಗೆ ಸಿಗುತ್ತದೆ.

ನಮ್ಮ ಪ್ರಯೋಗಾಲಯದ ಸಹಾಯಕರು ಒಂದು ಹಳೆಯ ಮರದ ಅಳತೆಪಟ್ಟಿಯ ತುಂಡಿಗೆ ಎರಡು ಸೂಜಿಗಳನ್ನು ಸರಿಯಾಗಿ ಒಂದು ಸೆಂಟಿಮೀಟರ್ ಅಂತರದಲ್ಲಿ ಚುಚ್ಚಿ ಕೊಟ್ಟರು. ಮೀಟರಿನ ಎರಡೂ ತಂತಿಗಳನ್ನು ಈ ಸೂಜಿಗಳಿಗೆ ಜೋಡಿಸಿ ನೀರಿನಲ್ಲಿ ನಿಲ್ಲಿಸಿದರೆ ಆ ಜಾಗದ ಕ್ಷೇತ್ರವನ್ನೇ ನೇರವಾಗಿ ಓದಬಹುದು. ತುಂಡನ್ನು ಪಟ್ಟಿಗಳಿಗೆ ಲಂಬವಾಗಿ ಹಿಡಿದಾಗ 1 ವೋಲ್ಟ್, 60 ಡಿಗ್ರಿ ತಿರುಗಿಸಿದಾಗ ಅರ್ಧ ವೋಲ್ಟ್, ಪೂರ್ತಿ 90 ಡಿಗ್ರಿ ತಿರುಗಿಸಿದಾಗ ಸೊನ್ನೆ. ವಿದ್ಯುತ್ ಕ್ಷೇತ್ರಕ್ಕೆ ದಿಕ್ಕಿದೆ, ವಿಭವ ಅತಿ ವೇಗವಾಗಿ ಬದಲಾಗುವ ದಿಕ್ಕೇ ಅದು ಎಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವ ಸಾಧನವನ್ನು ನಾನು ಬೇರೆ ಕಂಡಿಲ್ಲ. ಕಿಟ್ಟಿನವರು ಇಂಥದ್ದೊಂದು ಜೋಡಿ ಮೊನೆಯನ್ನು ತಾವೇ ಕೊಡಬೇಕಿತ್ತು. ಖರ್ಚು ಹತ್ತು ರೂಪಾಯಿ ಆಗುತ್ತಿರಲಿಲ್ಲ.

ನೀರಿನ ವಿಷಯದಲ್ಲಿ ಕೆಲವು ಎಚ್ಚರಿಕೆಗಳು ಬೇಕು. ನಗರಕ್ಕೆ ಬರುವ ಮಲಪ್ರಭೆಯ ನೀರಾದರೂ ಸರಿ, ಲವಣ ಹೆಚ್ಚಿರುವ ಬೋರ್‌ವೆಲ್ ನೀರಾದರೂ ಸರಿ, ವಿಭವದ ಹಂಚಿಕೆ ಒಂದೇ ಬರುತ್ತದೆ. ಏಕೆಂದರೆ ನೀರಿನ ವಾಹಕತೆ ಎಲ್ಲ ಕಡೆ ಒಂದೇ ಆಗಿರುವುದು ಮುಖ್ಯವೇ ಹೊರತು ಅದು ಎಷ್ಟು ಎಂಬುದು ಮುಖ್ಯವಲ್ಲ. ಬೋರ್‌ವೆಲ್ ನೀರಿನಲ್ಲಿ ಪ್ರವಾಹ ಹೆಚ್ಚು ಹರಿದು ಟ್ರಾನ್ಸ್‌ಫಾರ್ಮರ್ ಸ್ವಲ್ಪ ಬಿಸಿಯಾಗುತ್ತದೆ, ಅಷ್ಟೆ. ಬ್ಯಾಟರಿಯ ಡಿಸಿ ಕೊಟ್ಟರೆ ಪಟ್ಟಿಗಳ ಮೈಗೆ ಗುಳ್ಳೆಗಳು ಹತ್ತಿ ಅಲ್ಲಿಯೇ ಒಂದಿಷ್ಟು ವೋಲ್ಟೇಜ್ ಕಳೆದುಹೋಗುವುದರಿಂದ ಎಸಿಯೇ ಸರಿ. ಆದರೆ ಎಸಿ ಮೀಟರಿಗೆ ಚಿಹ್ನೆ ಗೊತ್ತಾಗುವುದಿಲ್ಲ. ಒಂದು ತಂತಿಯನ್ನು ಸರಿಯಾಗಿ ನಡುವೆ ಇಟ್ಟು ಎರಡೂ ಕಡೆ ಅಳೆದರೆ ಎರಡು ಕಡೆಯೂ 5 ವೋಲ್ಟ್ ಎಂದೇ ತೋರಿಸುತ್ತದೆ. ಒಂದು ಕಡೆ ಅಧಿಕ, ಇನ್ನೊಂದು ಕಡೆ ಕಡಿಮೆ ಎಂಬುದನ್ನು ತೋರಿಸಲು 9 ವೋಲ್ಟ್ ಬ್ಯಾಟರಿಯನ್ನು ಅರ್ಧ ನಿಮಿಷ ಜೋಡಿಸಿ, ಋಣ ಚಿಹ್ನೆ ಬರುವುದನ್ನು ತೋರಿಸಿ ತೆಗೆಯುತ್ತೇನೆ.

ಟ್ರೇಯಲ್ಲಿರುವ ದೊಡ್ಡ ದೋಷವೆಂದರೆ ಅದಕ್ಕೆ ಮಟ್ಟ ಸರಿಪಡಿಸುವ ತಿರುಪುಗಳಿಲ್ಲ. ನಮ್ಮ ಮೇಜು ಸ್ವಲ್ಪ ಓರೆ. ಮೊದಲ ವರ್ಷ ಒಂದು ತುದಿಯಲ್ಲಿ ಸೆಂಟಿಮೀಟರಿಗೆ ಒಂದು ವೋಲ್ಟಿಗಿಂತ ಹೆಚ್ಚು, ಇನ್ನೊಂದು ತುದಿಯಲ್ಲಿ ಕಡಿಮೆ ಬರುತ್ತಿದ್ದುದರ ಕಾರಣ ಹುಡುಕಲು ನನಗೆ ಎರಡು ತರಗತಿಗಳು ಬೇಕಾದವು. ನೀರು ಒಂದು ಕಡೆ 8 ಮಿ.ಮೀ., ಇನ್ನೊಂದು ಕಡೆ 12 ಮಿ.ಮೀ. ಆಳವಿತ್ತು. ಹರಿಯುವ ಪ್ರವಾಹ ಒಂದೇ ಆದ್ದರಿಂದ ತೆಳುವಾದ ಕಡೆ ಕ್ಷೇತ್ರ ಒಂದೂವರೆ ಪಟ್ಟು ಆಗಲೇಬೇಕು. ಟ್ರೇಯ ಒಂದು ಬದಿಗೆ ಮಡಚಿದ ರಟ್ಟು ಇಟ್ಟಮೇಲೆ ಅಂಕಿಗಳು ಸಾಲಾಗಿ ನಿಂತವು. ಕೈಪಿಡಿಯಲ್ಲಿ ಈ ಮಾತಿಲ್ಲ.

ಇನ್ನೊಂದು ಮಾತೂ ಕೈಪಿಡಿಯಲ್ಲಿಲ್ಲ. ಕಿಟ್ಟಿನ ಹಿತ್ತಾಳೆ ಪಟ್ಟಿಗಳು 14 ಸೆಂ.ಮೀ. ಉದ್ದವಿವೆ, ಟ್ರೇಯ ಒಳ ಅಗಲ 22 ಸೆಂ.ಮೀ. ಇದೆ. ಆದ್ದರಿಂದ ಪಟ್ಟಿಗಳ ತುದಿಯ ಆಚೆ ಸಮವಿಭವ ರೇಖೆಗಳು ಬಾಗಿ ಹರಡಿಕೊಳ್ಳುತ್ತವೆ, ಫಲಕಗಳ ಅಂಚಿನಲ್ಲಿ ಕ್ಷೇತ್ರ ಹೊರಕ್ಕೆ ಉಬ್ಬುವ ಚಿತ್ರ ಚೆನ್ನಾಗಿ ಸಿಗುತ್ತದೆ. ಆದರೆ ಪಟ್ಟಿಗಳು ಟ್ರೇಯ ಪೂರ್ತಿ ಅಗಲಕ್ಕೆ ಇದ್ದರೆ ಪ್ರವಾಹ ಗೋಡೆಯ ಆಚೆ ಹೋಗಲು ದಾರಿಯಿಲ್ಲದೆ ಎಲ್ಲ ಕಡೆ ನೇರವಾಗಿಯೇ ಹರಿಯುತ್ತದೆ, ಅಂಚಿನ ಪರಿಣಾಮವೇ ಮಾಯವಾಗುತ್ತದೆ. ಪುಸ್ತಕದಲ್ಲಿ ‘ಅನಂತ ವಿಸ್ತಾರದ ಫಲಕ’ ಎಂದು ಊಹಿಸಿಕೊಳ್ಳಲು ಹೇಳುತ್ತಾರಲ್ಲ, ಅದನ್ನು ಒಂದು ಟ್ರೇಯಲ್ಲಿ ಮಾಡಿ ತೋರಿಸಬಹುದು. ಹುಬ್ಬಳ್ಳಿಯಲ್ಲಿ ಹಿತ್ತಾಳೆ ತಗಡು ಕೊಂಡು 22 ಸೆಂ.ಮೀ. ಉದ್ದದ ಇನ್ನೊಂದು ಜೋಡಿ ಮಾಡಿಸಿದ್ದೇನೆ. ಎರಡೂ ಜೋಡಿಗಳನ್ನು ಒಂದರ ನಂತರ ಒಂದು ಇಟ್ಟು ಅಳೆಸಿದರೆ ಪುಸ್ತಕದ ಊಹೆಗೂ ಕೈಯಲ್ಲಿರುವ ವಸ್ತುವಿಗೂ ಇರುವ ವ್ಯತ್ಯಾಸ ಮಕ್ಕಳಿಗೆ ಸ್ಪಷ್ಟವಾಗುತ್ತದೆ.

ಅಧಿಕ ವೋಲ್ಟೇಜಿನ ಭಾಗಕ್ಕೆ ಬಂದರೆ, ಗಾಜಿನ ತಟ್ಟೆಯಲ್ಲಿ ಔಡಲ ಎಣ್ಣೆ ಹಾಕಿ ಮೇಲೆ ರವೆ ಉದುರಿಸುವ ಪ್ರಯೋಗ ತರಗತಿಯಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ. ತಟ್ಟೆಯ ಎರಡು ಪಟ್ಟಿಗಳ ನಡುವೆ 4 ಸೆಂ.ಮೀ. ಅಂತರವಿದ್ದು 4,000 ವೋಲ್ಟ್ ಕೊಟ್ಟಾಗ ಕ್ಷೇತ್ರ ಮೀಟರಿಗೆ ಒಂದು ಲಕ್ಷ ವೋಲ್ಟ್ ಆಗುತ್ತದೆ. ರವೆಯ ಕಾಳುಗಳೊಳಗೆ ಆವೇಶಗಳು ಎರಡು ತುದಿಗೆ ಸರಿದು, ಕಾಳುಗಳು ತಿರುಗಿ, ಒಂದರ ಬಾಲಕ್ಕೆ ಇನ್ನೊಂದು ಸಿಕ್ಕಿಕೊಂಡು ಪಟ್ಟಿಯಿಂದ ಪಟ್ಟಿಗೆ ಎಳೆ ಎಳೆಯಾಗಿ ಸಾಲುಗಟ್ಟುತ್ತವೆ. ಕೈಪಿಡಿಯಲ್ಲಿ ಬರೀ ರವೆ ಎಂದಿದೆ. ಉಪ್ಪಿಟ್ಟಿನ ದಪ್ಪ ರವೆ ತಳಕ್ಕೆ ಇಳಿದುಬಿಡುತ್ತದೆ, ಚಿರೋಟಿ ರವೆಯೇ ಬೇಕು, ಅದೂ ಒಂದು ಚಿಟಿಕೆ ಮಾತ್ರ. ಔಡಲ ಎಣ್ಣೆ ಗಟ್ಟಿಯಾದ್ದರಿಂದ ಡಿಸೆಂಬರಿನ ಚಳಿಯಲ್ಲಿ ಸಾಲುಗಟ್ಟಲು ಹೆಚ್ಚು ಹೊತ್ತು ಹಿಡಿಯುತ್ತದೆ, ತಟ್ಟೆಯನ್ನು ಬಿಸಿಲಿಗೆ ಇಟ್ಟು ತಂದರೆ ಬೇಗ ಆಗುತ್ತದೆ. ಪಿಂಗ್‌ಪಾಂಗ್ ಚೆಂಡು ಎರಡು ಫಲಕಗಳ ನಡುವೆ ಆಚೀಚೆ ಬಡಿದಾಡುವುದು ನೋಡಲು ಚಂದ, ಆದರೆ ಅದರಿಂದ ಅಳೆಯಬಹುದಾದದ್ದು ಕಡಿಮೆ. ಹೆಚ್ಚು ಹೊತ್ತು ಅದಕ್ಕೆ ಕೊಡಬೇಕಾಗಿಲ್ಲ.

ಈಗ ಈ ಕಿಟ್ಟನ್ನು ಕೊಳ್ಳಬೇಕೆಂದು ನಾನು ಹೇಳುವುದಕ್ಕೆ ನಿಜವಾದ ಕಾರಣಕ್ಕೆ ಬರುತ್ತೇನೆ. ‘ಫಲಕಗಳ ಅಂತರ ಇಮ್ಮಡಿಯಾದರೆ ವಿದ್ಯುತ್ ಕ್ಷೇತ್ರ ಅರ್ಧವಾಗುತ್ತದೆ’ ಎಂದು ಕೈಪಿಡಿ ಒಂದೇ ಸಾಲಿನಲ್ಲಿ ಬರೆದು ಮುಗಿಸಿದೆ. ನಮ್ಮ ಎಷ್ಟೋ ಗೈಡುಗಳಲ್ಲೂ ಹೀಗೆಯೇ ಇರುತ್ತದೆ. ಫಲಕಗಳು ವಿದ್ಯುತ್ ಮೂಲಕ್ಕೆ ಜೋಡಿಸಿಯೇ ಇದ್ದರೆ ಮಾತ್ರ ಇದು ಸರಿ. ಆಗ ವಿಭವಾಂತರ ಬದಲಾಗದೆ ನಿಂತು, ಅಂತರ ಹೆಚ್ಚಿದಂತೆ ಫಲಕಗಳಿಂದ ಆವೇಶ ಮೂಲಕ್ಕೆ ಮರಳಿ ಹರಿಯುತ್ತದೆ. ಮೂಲವನ್ನು ಬಿಚ್ಚಿ ನಂತರ ಫಲಕವನ್ನು ಸರಿಸಿದರೆ ಕಥೆ ಬೇರೆ. ಆವೇಶಕ್ಕೆ ಹೋಗಲು ಜಾಗವಿಲ್ಲ, ಆದ್ದರಿಂದ ಫಲಕದ ಮೇಲಿನ ಆವೇಶದ ಸಾಂದ್ರತೆ ಹಾಗೆಯೇ ಉಳಿಯುತ್ತದೆ. ಆ ಸಾಂದ್ರತೆಯನ್ನು ಎಪ್ಸಿಲಾನ್ ನಾಟ್ ಎಂಬ ಸ್ಥಿರಾಂಕದಿಂದ ಭಾಗಿಸಿದ್ದೇ ಕ್ಷೇತ್ರವಾದ್ದರಿಂದ ಅದೂ ಹಾಗೆಯೇ ಉಳಿಯುತ್ತದೆ. ಬದಲಾಗುವುದು ವಿಭವಾಂತರ, ಅದು ಅಂತರದ ಜೊತೆಗೆ ಏರುತ್ತದೆ. ಎರಡೂ ಸಂದರ್ಭಗಳಲ್ಲಿ ಸೂತ್ರ ಒಂದೇ, ಆದರೆ ಯಾವುದನ್ನು ಕಟ್ಟಿಹಾಕಿದ್ದೇವೆ, ಯಾವುದನ್ನು ಬಿಟ್ಟಿದ್ದೇವೆ ಎಂಬುದರ ಮೇಲೆ ಉತ್ತರ ತಿರುಗಿಬೀಳುತ್ತದೆ. ಪ್ರವೇಶ ಪರೀಕ್ಷೆಗಳಲ್ಲಿ ಮಕ್ಕಳು ಈ ಪ್ರಶ್ನೆಯಲ್ಲಿ ಎಡವುವುದು ಸೂತ್ರ ಮರೆತು ಅಲ್ಲ, ಬ್ಯಾಟರಿ ಜೋಡಿಸಿದೆಯೋ ಬಿಚ್ಚಿದೆಯೋ ಎಂಬ ಒಂದು ಶಬ್ದವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ.

ಇದನ್ನು ಕಿಟ್ಟಿನಲ್ಲಿ ಮಾಡಿ ತೋರಿಸಬಹುದು. ಒಂದು ಫಲಕವನ್ನು ಭೂಸಂಪರ್ಕಕ್ಕೆ, ಇನ್ನೊಂದನ್ನು ಎಲೆಕ್ಟ್ರೋಸ್ಕೋಪಿಗೆ ಜೋಡಿಸಿ, ಅಂತರ 5 ಮಿ.ಮೀ. ಇಟ್ಟು 1,000 ವೋಲ್ಟ್ ಕೊಟ್ಟು, ಅವಾಹಕ ಹಿಡಿಯಿರುವ ತಂತಿಯನ್ನು ಮೆಲ್ಲಗೆ ತೆಗೆಯಬೇಕು. ಈಗ ಸರಿಸುವ ಫಲಕವನ್ನು ಅಂತರ 1 ಸೆಂ.ಮೀ. ಆಗುವಷ್ಟು ಎಳೆದರೆ, ಮೂಲದ ಯಾವ ತಂತಿಯೂ ತಾಗಿಲ್ಲದಿದ್ದರೂ ಎಲೆಕ್ಟ್ರೋಸ್ಕೋಪಿನ ಮುಳ್ಳು ಮೇಲೇರುತ್ತದೆ. ಮರಳಿ ತಂದರೆ ಇಳಿಯುತ್ತದೆ. ಮೊದಲ ಸಲ ಇದನ್ನು ಕಂಡಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಕರೆಂಟ್ ಬಿಚ್ಚಿದ ಮ್ಯಾಲೆ ವೋಲ್ಟೇಜ್ ಎಲ್ಲಿಂದ ಬಂತ್ರೀ?” ಎಂದು ಎದ್ದು ನಿಂತು ಕೇಳಿದಳು. ಈ ಪ್ರಶ್ನೆಗಾಗಿಯೇ ನಾನು ಇಷ್ಟು ವರ್ಷ ಕಾದಿದ್ದೆ. ಅಂದು ಅದಕ್ಕೆ ಹಲಗೆಯ ಮೇಲೆ ಲೆಕ್ಕ ಮಾಡಿದೆವು. ಅಂಚಿನ ಪರಿಣಾಮವನ್ನು ಬಿಟ್ಟರೆ 5 ಮಿ.ಮೀ. ಅಂತರದಲ್ಲಿ ಈ ಫಲಕಗಳ ಧಾರಕತೆ, ಅಂದರೆ ಒಂದು ವೋಲ್ಟಿಗೆ ಅವು ಹಿಡಿದಿಡುವ ಆವೇಶ, ಸುಮಾರು 55.6 ಪಿಕೊಫ್ಯಾರಡ್. 1,000 ವೋಲ್ಟಿಗೆ ಅವುಗಳ ಮೇಲೆ ನಿಲ್ಲುವ ಆವೇಶ 55.6 ನ್ಯಾನೊಕೂಲಂಬ್, ಕೂಡಿಟ್ಟ ಶಕ್ತಿ 27.8 ಮೈಕ್ರೊಜೂಲ್. ಅಂತರ ಇಮ್ಮಡಿಯಾದಾಗ ಅದೇ ಆವೇಶಕ್ಕೆ ಶಕ್ತಿ 55.6 ಮೈಕ್ರೊಜೂಲ್ ಆಗುತ್ತದೆ. ಫಲಕಗಳು ಒಂದನ್ನೊಂದು ಸೆಳೆಯುವ ಬಲ 5.56 ಮಿಲಿನ್ಯೂಟನ್, ಅಂದರೆ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು ತೂಕದಷ್ಟು. ಅದರ ವಿರುದ್ಧ 5 ಮಿ.ಮೀ. ಎಳೆದ ಕೆಲಸ ಸರಿಯಾಗಿ 27.8 ಮೈಕ್ರೊಜೂಲ್. ಹೆಚ್ಚಾದ ಶಕ್ತಿ ಬಂದದ್ದು ಫಲಕವನ್ನು ಎಳೆದ ಕೈಯಿಂದ.

ಪುಸ್ತಕದ ಲೆಕ್ಕದಂತೆ ವಿಭವಾಂತರ 2,000 ವೋಲ್ಟ್ ಆಗಬೇಕು, ನಮ್ಮಲ್ಲಿ ಅದು 1,600ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಿಟ್ಟಿನ ಎಲೆಕ್ಟ್ರೋಸ್ಕೋಪಿಗೆ ವೋಲ್ಟಿನ ಗುರುತುಗಳಿಲ್ಲ. ಘಟಕದಿಂದ ಗೊತ್ತಿರುವ ವೋಲ್ಟೇಜುಗಳನ್ನು ಒಂದೊಂದಾಗಿ ಕೊಟ್ಟು ನಾವೇ ಪೆನ್ಸಿಲಿನಿಂದ ಗುರುತು ಹಾಕಿಕೊಂಡೆವು. ಕೊರತೆಗೆ ಕಾರಣ ಎಲೆಕ್ಟ್ರೋಸ್ಕೋಪಿಗೂ ತಂತಿಗೂ ತಮ್ಮದೇ ಆದ ಸುಮಾರು ಹತ್ತು ಹನ್ನೆರಡು ಪಿಕೊಫ್ಯಾರಡ್ ಧಾರಕತೆ ಇರುವುದು ಮತ್ತು ಫಲಕಗಳ ಅಂಚಿನಿಂದ ಕ್ಷೇತ್ರ ಹೊರಗೆ ಹರಡುವುದು. ಅಂಚಿನ ಪಾಲು ಎಷ್ಟೆಂದು ನೋಡಲು ಬೇರೆ ಧಾರಕತೆ ಮಾಪಕದಿಂದ ಅಳೆದೆವು. ತಂತಿಗಳ ಪಾಲನ್ನು ಕಳೆದ ಮೇಲೆ 1 ಸೆಂ.ಮೀ. ಅಂತರಕ್ಕೆ ಸೂತ್ರ 27.8 ಎನ್ನುವ ಕಡೆ 32ರಿಂದ 33 ಪಿಕೊಫ್ಯಾರಡ್ ಬಂತು. 5 ಸೆಂ.ಮೀ. ಅಂತರಕ್ಕೆ 5.6 ಬರಬೇಕಾದಲ್ಲಿ 9ರ ಹತ್ತಿರ ಬಂತು. ವೃತ್ತಾಕಾರದ ಫಲಕಗಳ ಅಂಚಿಗೆ ಭೌತವಿಜ್ಞಾನಿ ಕಿರ್ಕಾಫ್ ಕೊಟ್ಟ ತಿದ್ದುಪಡಿಯನ್ನು ಹಾಕಿದರೆ ಕ್ರಮವಾಗಿ 32.4 ಮತ್ತು 8.8 ಬರುತ್ತದೆ. ಅಳತೆಗೂ ಲೆಕ್ಕಕ್ಕೂ ಇಷ್ಟು ಹೊಂದಿಕೆ ಬಂದಾಗ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅಂತರ ದೊಡ್ಡದಾದಂತೆ ಫಲಕಗಳ ನಡುಭಾಗದಲ್ಲೂ ಕ್ಷೇತ್ರದ ಏಕರೂಪತೆ ಸಡಿಲವಾಗುತ್ತದೆ. ಕಿಟ್ಟಿನ ಹಳಿ 10 ಸೆಂ.ಮೀ. ತನಕ ಹೋಗುತ್ತದೆಯಾದರೂ 2 ಸೆಂ.ಮೀ. ಮೀರಿದ ಅಂತರದಲ್ಲಿ ಸರಳ ಸೂತ್ರವನ್ನು ನಂಬಿ ಅಳತೆ ಮಾಡಿಸಬಾರದು ಎಂಬುದು ನನ್ನ ಅಭಿಪ್ರಾಯ. ಎಲೆಕ್ಟ್ರಾನಿನ ಆವೇಶವನ್ನು ಅಳೆದ ಎಣ್ಣೆಹನಿಯ ಪ್ರಯೋಗದಲ್ಲಿ ಮಿಲಿಕನ್ ಬಳಸಿದ ಫಲಕಗಳು 22 ಸೆಂ.ಮೀ. ವ್ಯಾಸದವಾಗಿದ್ದು ಅಂತರ 16 ಮಿ.ಮೀ. ಮಾತ್ರ ಇತ್ತು. ನಮ್ಮ ಫಲಕಗಳೂ ಹೆಚ್ಚುಕಡಿಮೆ ಅದೇ ಗಾತ್ರದವು. ಅಂಥ ಅಂತರಕ್ಕೆ 5,000 ವೋಲ್ಟ್ ಕೊಟ್ಟರೆ, ಒಂದು ಮೈಕ್ರೊಮೀಟರ್ ತ್ರಿಜ್ಯದ ಎಣ್ಣೆಹನಿಯ ಮೇಲೆ ಒಂದೇ ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಕೂತರೂ ಸಾಕು, ಅದರ ತೂಕವನ್ನು ಮೀರಿ ಮೇಲೆತ್ತುವ ಬಲ ಸಿಗುತ್ತದೆ.

ಇನ್ನು ಕುಂದುಗಳು. ಕೈಪಿಡಿಯ ಒಂದು ಚಿತ್ರದಲ್ಲಿ ಗಾಳಿಯಲ್ಲಿ ನಿಂತ ಎರಡು ಫಲಕಗಳ ನಡುವೆ ಮಲ್ಟಿಮೀಟರಿನ ಮೊನೆಯನ್ನು ತೂಗಿಸಿ ವಿಭವ ಓದುವಂತೆ ತೋರಿಸಲಾಗಿದೆ. ಇದು ಶುದ್ಧ ತಪ್ಪು. ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಗಾಳಿ ಆ ಮೀಟರಿಗೆ ಬೇಕಾದ ಪ್ರವಾಹವನ್ನು ಕೊಡಲಾರದು, ಮೀಟರ್ ಅರ್ಥವಿಲ್ಲದ ಅಂಕಿ ತೋರಿಸುತ್ತದೆ. ಆವೇಶಗೊಂಡು ಒಂಟಿಯಾಗಿ ನಿಂತ ಫಲಕಕ್ಕೇ ಅದನ್ನು ತಾಗಿಸಿದರೂ 10 ಮೆಗಾಓಮ್ ಮೂಲಕ 55 ಪಿಕೊಫ್ಯಾರಡ್ ಖಾಲಿಯಾಗಲು ಒಂದೆರಡು ಮಿಲಿಸೆಕೆಂಡು ಸಾಕು. ಅಳೆಯುವುದರೊಳಗೆ ಅಳೆಯಬೇಕಾದದ್ದೇ ಇರುವುದಿಲ್ಲ. ಕೈಪಿಡಿ ನಂಬಿ ಮೊದಲ ವರ್ಷ ಮಕ್ಕಳು ಅರ್ಧ ಗಂಟೆ ಇದರ ಹಿಂದೆ ಬಿದ್ದು ನಿರಾಶರಾದರು. ತಯಾರಕರಿಗೆ ಈ ಬಗ್ಗೆ ಪತ್ರ ಬರೆದಿದ್ದೆ, ಉತ್ತರ ಬಂದಿಲ್ಲ.

ಅಳತೆಪಟ್ಟಿಯ ಸೊನ್ನೆ ಸರಿಯಿಲ್ಲ. ಎರಡು ಫಲಕಗಳು ಒಂದಕ್ಕೊಂದು ತಾಗಿದಾಗ ಪಟ್ಟಿ 1.5 ಮಿ.ಮೀ. ತೋರಿಸುತ್ತದೆ. 5 ಸೆಂ.ಮೀ. ಅಂತರದಲ್ಲಿ ಇದು ಶೇಕಡಾ 3ರಷ್ಟು ತಪ್ಪು, ಆದರೆ ನಿಜವಾಗಿ ಕೆಲಸ ಮಾಡುವ 5 ಮಿ.ಮೀ. ಅಂತರದಲ್ಲಿ ಶೇಕಡಾ 30ರಷ್ಟು. ಈಗ ನಾವು ಅಳತೆಪಟ್ಟಿಯನ್ನು ಬಿಟ್ಟು, ಗೊತ್ತಿರುವ ದಪ್ಪದ ಗಾಜಿನ ತುಂಡುಗಳನ್ನು ನಡುವೆ ಇಟ್ಟು ಅಂತರವನ್ನು ಹೊಂದಿಸಿ, ನಂತರ ಅವನ್ನು ತೆಗೆಯುತ್ತೇವೆ. ಇದರಿಂದ ಫಲಕಗಳು ಓರೆಯಾಗಿದ್ದರೂ ತಕ್ಷಣ ಗೊತ್ತಾಗುತ್ತದೆ. ಅಕ್ರಿಲಿಕ್ ಹಾಳೆಯನ್ನು ಮಾತ್ರ ಫಲಕಗಳಿಗೆ ಉಜ್ಜದಂತೆ ಒಳಗೆ ಇಳಿಸಬೇಕು. ಉಜ್ಜಿದರೆ ಅದೇ ಆವೇಶಗೊಂಡು, ಫಲಕಗಳ ನಡುವೆ ಇಡುವ ಅವಾಹಕದ (ಪರಾವಿದ್ಯುತ್ ವಸ್ತುವಿನ) ಪರಿಣಾಮ ತೋರಿಸಲು ಹೋಗಿ ಬೇರೇನನ್ನೋ ತೋರಿಸಿದಂತಾಗುತ್ತದೆ.

ಅಧಿಕ ವೋಲ್ಟೇಜ್ ಘಟಕದ ಪ್ರವಾಹ ಮಿತಿ ಚೆನ್ನಾಗಿದೆ, ಫಲಕಗಳಲ್ಲಿ ಕೂಡಿಡುವ ಶಕ್ತಿಯೂ 5,000 ವೋಲ್ಟಿನಲ್ಲಿ ಒಂದು ಮಿಲಿಜೂಲಿಗಿಂತ ಕಡಿಮೆ. ಆದರೆ ಸ್ವಿಚ್ ಆರಿಸಿದ ಮೇಲೆ ಹೊರತುದಿಗಳಲ್ಲಿ ಸುಮಾರು ಒಂದು ನಿಮಿಷ ವೋಲ್ಟೇಜ್ ಉಳಿಯುತ್ತದೆ, ಅದನ್ನು ತಿಳಿಸುವ ದೀಪವೂ ಇಲ್ಲ, ತಾನಾಗಿ ಖಾಲಿ ಮಾಡುವ ರೋಧಕವೂ ಇದ್ದಂತಿಲ್ಲ. ಪ್ರಯೋಗ ಮುಗಿದ ಕೂಡಲೇ ಎರಡು ತುದಿಗಳನ್ನು ಅವಾಹಕ ಹಿಡಿಯಿರುವ ತಂತಿಯಿಂದ ಕೂಡಿಸುವ ರೂಢಿಯನ್ನು ಮಕ್ಕಳಿಗೆ ಮೊದಲ ದಿನವೇ ಹಾಕಿಸಬೇಕು. ಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟಿಗೆ ಒಡೆಯುವುದರಿಂದ, 5,000 ವೋಲ್ಟ್ ಇರುವಾಗ ಅಂತರವನ್ನು 5 ಮಿ.ಮೀ.ಗಿಂತ ಕಡಿಮೆ ಮಾಡಬಾರದು. ನಮ್ಮ ಒಂದು ಫಲಕದ ಮೇಲೆ ಕಿಡಿ ಹಾರಿ ಚುಕ್ಕೆಗಳು ಬಿದ್ದಿವೆ, ಅವುಗಳ ಚೂಪಾದ ಅಂಚಿನಿಂದ ಈಗ ಮತ್ತಷ್ಟು ಬೇಗ ಕಿಡಿ ಹಾರುತ್ತದೆ. ನಯವಾದ ಮರಳು ಕಾಗದದಿಂದ ತಿಕ್ಕಿದ ಮೇಲೆ ಸ್ವಲ್ಪ ಸುಧಾರಿಸಿತು.

ಧಾರವಾಡದ ಮಳೆಗಾಲ ಈ ಕಿಟ್ಟಿಗೆ ದೊಡ್ಡ ಪರೀಕ್ಷೆ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದಾಗ ಅಕ್ರಿಲಿಕ್ ಕಂಬಗಳ ಮೈಮೇಲೆ ಕಣ್ಣಿಗೆ ಕಾಣದ ತೇವದ ಪದರ ಕೂತು ಆವೇಶ ಅದರ ಮೂಲಕ ಸೋರಿಹೋಗುತ್ತದೆ. ಫೆಬ್ರುವರಿಯ ಒಣಹವೆಯಲ್ಲಿ ನಿಮಿಷಗಟ್ಟಲೆ ಎತ್ತರದಲ್ಲಿ ನಿಲ್ಲುವ ಮುಳ್ಳು ಜುಲೈನಲ್ಲಿ ನಾಲ್ಕೈದು ಸೆಕೆಂಡಿನಲ್ಲಿ ಕುಸಿಯುತ್ತದೆ. ಸೋರಿಕೆಯ ರೋಧ ಒಂದು ಲಕ್ಷ ಮೆಗಾಓಮ್‌ಗೆ ಇಳಿದರೆ ಹೀಗೇ ಆಗಬೇಕು. “ಮಳಿ ಬಂತಂದ್ರ ಇದು ಕೈಗೆ ಬರಂಗಿಲ್ಲ ಸರ್ರ” ಎಂದು ನಮ್ಮ ಸಹಾಯಕರು ಮೊದಲ ಜುಲೈನಲ್ಲಿಯೇ ಹೇಳಿದ್ದರು. ಕಂಬಗಳನ್ನು ಸ್ಪಿರಿಟ್‌ನಿಂದ ಒರೆಸಿ, ನೂರು ವಾಟಿನ ಬಲ್ಬಿನ ಕೆಳಗೆ ಅರ್ಧ ಗಂಟೆ ಇಟ್ಟರೆ ಒಂದು ತರಗತಿ ನಡೆಸುವಷ್ಟು ಹೊತ್ತು ತಡೆಯುತ್ತದೆ, ಬರಿಗೈಯಿಂದ ಮತ್ತೆ ಮುಟ್ಟಬಾರದು ಅಷ್ಟೆ. ಈಗ ನಾನು ಟ್ರೇಯ ಪ್ರಯೋಗಗಳನ್ನು ಮಳೆಗಾಲಕ್ಕೂ, ಒಂಟಿ ಆವೇಶದ ಪ್ರಯೋಗವನ್ನು ದೀಪಾವಳಿಯ ನಂತರಕ್ಕೂ ಹಂಚಿಕೊಂಡಿದ್ದೇನೆ. ಪಾಠದ ಕ್ರಮ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಆದರೆ ಸೋರುವ ಕಂಬ ಇಟ್ಟುಕೊಂಡು ಆವೇಶ ಬದಲಾಗುವುದಿಲ್ಲ ಎಂದು ಹೇಳುವುದಕ್ಕಿಂತ ಇದು ಮೇಲು. ಗದಗ ಕಡೆಯ ಒಣಹವೆಯಲ್ಲಿರುವ ಕಾಲೇಜುಗಳಿಗೆ ಈ ತೊಂದರೆ ಕಡಿಮೆ ಇದ್ದೀತು.

ವ್ಯಾಪಾರಿಯ ಸೇವೆಯ ಬಗ್ಗೆ ಎರಡು ಮಾತು. ಒಂದು ಫಲಕ ಬರುವಾಗಲೇ ಅಂಚಿನಲ್ಲಿ ಬಾಗಿತ್ತು. ಬದಲಿ ಫಲಕ ಐದು ವಾರಗಳ ನಂತರ ಬಂತು, ಅದಕ್ಕಾಗಿ ನಾನು ಮೂರು ಸಲ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿಬಂದೆ. ಆದರೂ ಹಣ ಕೇಳದೆ ಕೊಟ್ಟರು, ಗುಣಮಟ್ಟದ ಬಗ್ಗೆ ನಾನು ಹೇಳಿದ್ದನ್ನು ಬರೆದುಕೊಂಡರು. ಜೊತೆಗೆ ಬಂದ ಮಲ್ಟಿಮೀಟರ್ ಎಂಟು ತಿಂಗಳಿಗೆ ಕೆಟ್ಟಿತು, ಅದರ ಜಾಗಕ್ಕೆ ಕಾಲೇಜಿನ ಹಳೆಯ ಮೀಟರನ್ನೇ ಬಳಸುತ್ತಿದ್ದೇವೆ.

ಪೂರ್ತಿ ಕಿಟ್ ಕೊಳ್ಳುವ ಅನುಕೂಲವಿಲ್ಲದ ಕಾಲೇಜುಗಳು ಟ್ರೇ, ಪಟ್ಟಿ ಮತ್ತು ಟ್ರಾನ್ಸ್‌ಫಾರ್ಮರ್ ಮಾತ್ರ ಕೊಳ್ಳಬಹುದು. ಕೇಳಿದಾಗ ವ್ಯಾಪಾರಿ 3,200 ರೂಪಾಯಿಗೆ ಬಿಡಿಯಾಗಿ ಕೊಡಲು ಒಪ್ಪಿದ್ದಾರೆ. ಅಧಿಕ ವೋಲ್ಟೇಜ್ ಘಟಕ ಮೊದಲೇ ಇರುವವರು ಫಲಕಗಳನ್ನೂ ಎಲೆಕ್ಟ್ರೋಸ್ಕೋಪನ್ನೂ ಅದರ ಜೊತೆಗೆ ಸೇರಿಸಿಕೊಳ್ಳಲಿ. ಆರ್ಡರ್ ಕೊಡುವಾಗ ಅಳತೆಪಟ್ಟಿಯ ಸೊನ್ನೆಯನ್ನು ಅಂಗಡಿಯಲ್ಲಿಯೇ ಫಲಕಗಳನ್ನು ತಾಗಿಸಿ ನೋಡಬೇಕು, ಕಂಬಗಳು ಅಕ್ರಿಲಿಕ್ ಬದಲು ಟೆಫ್ಲಾನಿನವು ಸಿಗುತ್ತವೆಯೇ ಎಂದು ಕೇಳಬೇಕು, ಏಕೆಂದರೆ ಟೆಫ್ಲಾನಿನ ಮೈಗೆ ನೀರು ಹಿಡಿಯುವುದು ಬಹಳ ಕಡಿಮೆ. ಲಾರ್ಡ್ ಕೆಲ್ವಿನ್ ವಿಭವಾಂತರ ಅಳೆಯುವ ತಮ್ಮ ಎಲೆಕ್ಟ್ರೋಮೀಟರಿನಲ್ಲಿ ನಡುವಿನ ಬಿಲ್ಲೆಯ ಸುತ್ತ ಅದೇ ವಿಭವದಲ್ಲಿ ಇನ್ನೊಂದು ಉಂಗುರವನ್ನಿಟ್ಟು ಅಂಚಿನ ತೊಂದರೆಯನ್ನು ಉಂಗುರಕ್ಕೆ ದಾಟಿಸಿದ್ದರು. ಅಂಥದ್ದೊಂದು ಕಾವಲು ಉಂಗುರದ ಫಲಕವನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇತ್ ಕೆಲಸದವರಲ್ಲಿ ಮಾಡಿಸಲು ಈ ವಾರ ನಕ್ಷೆ ಕೊಟ್ಟು ಬಂದಿದ್ದೇನೆ.